ಎಂಥಾ ಜನ ಬರ್ತಾರೋ!

ಮಂಗಳವಾರ ರಾತ್ರಿ ಹತ್ತೂವರೆಗೆ ಮನೆಗೆ ಬಂದವನು ಕಾರಿನಿಂದ ಇಳಿಯದೆ ಗ್ಯಾರೇಜಿನಲ್ಲೇ ಕೂತಿದ್ದೆ. ಎಂಜಿನ್ ಆಫ್ ಮಾಡಿದ್ದೆ, ಸೀಟ್ ಬೆಲ್ಟ್ ಬಿಚ್ಚಿರಲಿಲ್ಲ. ಕಿವಿಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. "ಅಯ್ಯೋ, ನಿಮ್ಮಂಥವರ ವಿಷಯ ಅಲ್ಲಪ್ಪ ನಾನು ಹೇಳಿದ್ದು."

ಹೇಳಿದವರು ನಮ್ಮ ಬೀದಿಯವರೇ, ಮೂರು ಮನೆ ಆಚೆ ಇರುವ ಅಜ್ಜಿ. ಒಳ್ಳೆಯವರು. ಇದನ್ನ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ನಾವು ಈ ಮನೆಗೆ ಬಂದ ವರ್ಷ ಹಿಮ ಬಿದ್ದು ಬಾಗಿಲೇ ತೆಗೆಯೋಕಾಗದ ದಿನ, ಕರೆಯದೆ ಸಲಿಕೆ ಹಿಡಿದು ಬಂದವರು ಅವರು.

ವಿಷಯ ಅಮೆರಿಕದ ಈ ನಮ್ಮ ಊರಿನ ಮಾಲ್‌ದು. ಅದು ಸತ್ತು ಐದಾರು ವರ್ಷ ಆಯ್ತು, ಬಾಗಿಲು ಇನ್ನೂ ಹಾಕಿಲ್ಲ ಅಷ್ಟೇ. ಅದನ್ನ ಕೆಡವಿ ಅಪಾರ್ಟ್‌ಮೆಂಟು, ಸಣ್ಣ ಅಂಗಡಿಗಳು, ಒಂದು ಪಾರ್ಕು ಮಾಡಬೇಕು ಅಂತ ಕಟ್ಟುವವರೊಬ್ಬರು ಅರ್ಜಿ ಹಾಕಿದ್ದಾರೆ. ಅದು ಅಂಗಡಿಗಳಿಗೆ ಅಂತ ಗುರುತು ಮಾಡಿದ ಜಾಗ. ಮನೆ ಕಟ್ಟಬೇಕಾದರೆ ಊರಿನವರ ಮಾತು ಕೇಳಿ ವಲಯ ಬದಲಿಸಬೇಕು. ಮಂಗಳವಾರ ಇದ್ದದ್ದು ಆ ಸಭೆ. ಒಬ್ಬೊಬ್ಬರಿಗೆ ಮೂರು ನಿಮಿಷ. ಮೈಕಿನ ಪಕ್ಕ ಹಸಿರು, ಹಳದಿ, ಕೆಂಪು ದೀಪ.

ಸಭೆಗೆ ಮೊದಲು ಒಂದು ಸಲ ನೋಡೋಣ ಅಂತ ಶನಿವಾರ ಮಾಲ್‌ಗೆ ಹೋಗಿದ್ದೆ. ಪಾರ್ಕಿಂಗ್ ಜಾಗದ ಬಿರುಕುಗಳಲ್ಲಿ ಮೊಣಕಾಲೆತ್ತರದ ಹುಲ್ಲು. ಈ ಪಾರ್ಕಿಂಗನ್ನ ಅಳೆದದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನದ ದೊಡ್ಡ ಸೇಲಿನಂಥ ನೂಕುನುಗ್ಗಲಿಗೆ. ಉಳಿದ ದಿನ ಬಹುಪಾಲು ಖಾಲಿ ಇರಲಿ ಅಂತಲೇ ಹಾಸಿದ ಡಾಂಬರು. ದೊಡ್ಡ ಅಂಗಡಿಯ ಗೋಡೆ ಮೇಲಿನ ಅಕ್ಷರಗಳನ್ನ ಕಿತ್ತಿದ್ದಾರೆ. ಆದರೆ ಅಕ್ಷರದ ಹಿಂದೆ ಇಷ್ಟು ವರ್ಷ ಬಿಸಿಲು, ಧೂಳು ತಾಗದ ಜಾಗ ತಿಳಿಯಾಗಿ ಉಳಿದು, ಹೆಸರು ಈಗಲೇ ಜಾಸ್ತಿ ಸ್ಪಷ್ಟವಾಗಿ ಕಾಣುತ್ತದೆ.

ಒಳಗೆ ಗಾಜಿನ ಚಾವಣಿ ಕೆಳಗೆ ಮೂರು ಬಕೆಟ್. ಒಂದಕ್ಕೆ ಹನಿ ಬೀಳುತ್ತಿತ್ತು. ಹಾಡು ಮಾತ್ರ ಹಾಗೇ ಮೆತ್ತಗೆ ನಡೀತಾ ಇದೆ, ಯಾರಿಗೋ ಗೊತ್ತಿಲ್ಲ. ಎಸ್ಕಲೇಟರ್ ನಿಂತಿದೆ. ನಿಂತ ಎಸ್ಕಲೇಟರ್ ಹತ್ತಿದ್ದೀರಾ? ಮೊದಲ ಮೆಟ್ಟಿಲಿಗೆ ಕಾಲು ತಾನಾಗೇ ಮುಂದಕ್ಕೆ ವಾಲುತ್ತದೆ, ಅದು ಎಳೆದುಕೊಂಡು ಹೋಗುತ್ತೆ ಅಂತ. ಮೇಲೆ ಉಳಿದದ್ದು ಒಂದು ಕನ್ನಡಕದ ಅಂಗಡಿ, ಉಗುರಿಗೆ ಬಣ್ಣ ಹಚ್ಚುವ ಒಂದು ಅಂಗಡಿ. ಬೇರೆ ಎಲ್ಲ ಕಡೆ ಕಬ್ಬಿಣದ ಪರದೆ.

ಇದೇ ಮಾಲ್‌ನಲ್ಲಿ ನಮ್ಮಪ್ಪ ಒಂದು ಚಳಿಗಾಲ ಕಳೆದಿದ್ದರು. ಆರು ತಿಂಗಳು ಅಂತ ಬಂದವರಿಗೆ ಹೊರಗೆ ಕಾಲಿಡೋಕಾಗದ ಚಳಿ. ಅಂಗಡಿ ತೆಗೆಯುವ ಮೊದಲು ಬೆಳಿಗ್ಗೆ ಇಲ್ಲಿ ನಡೆಯೋರ ಒಂದು ಗುಂಪೇ ಇತ್ತು, ಎಲ್ಲ ವಯಸ್ಸಾದವರು. ಅಪ್ಪ ಅವರ ಜೊತೆ ಸೇರಿಕೊಂಡರು. ನಾಲ್ಕು ಸುತ್ತು ಹಾಕಿ ಒಂದು ಬೆಂಚಿನ ಮೇಲೆ ಕೂರೋರು. ಏನೂ ಕೊಳ್ಳುತ್ತಿರಲಿಲ್ಲ. ಆ ಬೆಂಚು ಇನ್ನೂ ಅಲ್ಲೇ ಇದೆ. ಶನಿವಾರ ಅದರ ಮೇಲೆ ಸೆಕ್ಯೂರಿಟಿಯವನು ಫೋನ್ ನೋಡ್ತಾ ಕೂತಿದ್ದ. ನನ್ನನ್ನ ನೋಡಿ ಎದ್ದು ನಿಂತ, ಗಿರಾಕಿ ಬಂದನಲ್ಲ ಅಂತಲೋ ಏನೋ.

ಮಂಗಳವಾರ ನಮ್ಮ ಬೀದಿಯ ಅಜ್ಜಿ ನನಗೆ ಪಕ್ಕದಲ್ಲೇ ಜಾಗ ಹಿಡಿದಿದ್ದರು. ಅವರ ಸರದಿ ಬಂದಾಗ ಮೈಕ್ ಬಗ್ಗಿಸಿಕೊಂಡು ಮೊದಲು ಹಳೇ ನೆನಪು ಹೇಳಿದರು. ಮಕ್ಕಳಿಗೆ ಶೂ ಕೊಡಿಸಿದ್ದು, ಗಂಡನ ಜೊತೆ ಕಾರಂಜಿ ಹತ್ತಿರ ಕೂತದ್ದು. ಚೆನ್ನಾಗಿ ಹೇಳಿದರು, ನನಗೂ ಗಂಟಲು ಕಟ್ಟಿತು. "ಅದು ನಮ್ಮ ಊರಿನ ಚೌಕ" ಅಂದರು. ಹಳದಿ ದೀಪ ಬಂತು. ಆಗ ಅಂದದ್ದು: "ಅಷ್ಟು ಬಾಡಿಗೆ ಮನೆ ಕಟ್ಟಿದರೆ ಅಲ್ಲಿಗೆ ಎಂಥಾ ಜನ ಬರ್ತಾರೋ, ಯಾರಿಗೆ ಗೊತ್ತು?" ಚಪ್ಪಾಳೆ ಬಿತ್ತು. ವಾಪಸ್ ಬಂದು ಕೂತರು, ನನ್ನ ಮುಖ ನೋಡಿದರು, ಮೊಣಕೈ ಮುಟ್ಟಿ ಮೆಲ್ಲಗೆ ಹೇಳಿದರು. "ಅಯ್ಯೋ, ನಿಮ್ಮಂಥವರ ವಿಷಯ ಅಲ್ಲಪ್ಪ."

ನಾನು ನಕ್ಕೆ. ಅದೇ ಈಗ ಚುಚ್ಚುತ್ತಿರೋದು. ಈ ದೇಶಕ್ಕೆ ಬಂದ ಮೇಲೆ ಏಳು ವರ್ಷ ಬಾಡಿಗೆ ಅಪಾರ್ಟ್‌ಮೆಂಟಿನಲ್ಲೇ ಇದ್ದವನು ನಾನು. ಎಂಥಾ ಜನ ಅಂದರೆ ನಾನೇ ಅಲ್ವಾ?

ಊರಿನ ಚೌಕ ಅನ್ನೋ ಮಾತಿಗೂ ಒಂದು ಕಥೆ ಇದೆ. ನಾಲ್ಕೂ ಕಡೆ ಮುಚ್ಚಿ, ಒಳಗೆ ಹವಾ ನಿಯಂತ್ರಣ ಮಾಡಿದ ಮೊದಲ ಮಾಲ್ ಅಂತ ಕರೆಯೋದು ಮಿನೆಸೋಟಾದ ಈಡೈನಾದಲ್ಲಿರುವ ಸೌತ್‌ಡೇಲ್ ಅನ್ನ. 1956ರಲ್ಲಿ ತೆರೆದದ್ದು. ವಿನ್ಯಾಸ ಮಾಡಿದವನು ವಿಕ್ಟರ್ ಗ್ರುಯೆನ್. ವಿಯೆನ್ನಾದ ಯಹೂದಿ, ಹಿಟ್ಲರ್ ಆಸ್ಟ್ರಿಯಾ ನುಂಗಿದ 1938ರಲ್ಲಿ ಓಡಿಬಂದವನು. ಕಾರಿನಲ್ಲೇ ಬದುಕುವ ಉಪನಗರದವರಿಗೆ ನಡೆದಾಡೋಕೆ, ಮುಖ ನೋಡಿಕೊಳ್ಳೋಕೆ ಒಂದು ಜಾಗ ಬೇಕು ಅನ್ನೋದು ಅವನ ಆಸೆ. ಅವನ ನಕ್ಷೆಯಲ್ಲಿ ಮಾಲ್‌ನ ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕು, ಕೆರೆ ಎಲ್ಲ ಇತ್ತು. ದೇಶವೆಲ್ಲ ನಕಲು ಮಾಡಿದ್ದು ನಡುವಿನ ಪೆಟ್ಟಿಗೆ ಮತ್ತು ಡಾಂಬರನ್ನ ಮಾತ್ರ. ಕೊನೆಗೆ ಬೇಸತ್ತು ವಿಯೆನ್ನಾಗೆ ವಾಪಸ್ ಹೋದ, ಇವು ನನ್ನ ಮಕ್ಕಳೇ ಅಲ್ಲ ಅನ್ನೋ ಧಾಟಿಯಲ್ಲಿ ಮಾತಾಡಿದ. ತಮಾಷೆ ನೋಡಿ, ಈಗ ಅದೇ ಸೌತ್‌ಡೇಲ್‌ನ ಪಾರ್ಕಿಂಗ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ.

ಮಾಲ್ ಅನ್ನೋದು ಊರಿನ ಚೌಕ ಅಂತೂ ಯಾವತ್ತೂ ಆಗಿರಲಿಲ್ಲ. ಪೋರ್ಟ್‌ಲ್ಯಾಂಡಿನ ಲಾಯ್ಡ್ ಸೆಂಟರ್ ಅನ್ನೋ ಮಾಲ್ ಒಳಗೆ ವಿಯೆಟ್ನಾಂ ಯುದ್ಧದ ವಿರುದ್ಧ ಕರಪತ್ರ ಹಂಚಿದವರನ್ನ ಹೊರಗೆ ಕಳಿಸಿದ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1972ರಲ್ಲಿ ತೀರ್ಪು ಬಂತು: ಇದು ಖಾಸಗಿ ಜಾಗ, ಮಾಲೀಕರು ಬೇಡ ಅಂದರೆ ಬೇಡ. ನಮ್ಮಪ್ಪ ಕೂತಿದ್ದ ಬೆಂಚೂ ಅಷ್ಟೇ, ಮಾಲೀಕರು ಬೇಡ ಅನ್ನದೇ ಇದ್ದದ್ದರಿಂದ ಕೂತಿದ್ದರು.

ಸಭೆಯಲ್ಲಿ ಇನ್ನೊಬ್ಬರು ಎದ್ದು, ಎಲ್ಲ ಆನ್‌ಲೈನ್ ಶಾಪಿಂಗ್‌ನಿಂದ ಹಾಳಾಯ್ತು ಅಂದರು. ಇರಬಹುದು, ಅರ್ಧ. ಓಹಾಯೊದ ರಾಂಡಲ್ ಪಾರ್ಕ್ ಮಾಲ್ 1976ರಲ್ಲಿ ತೆರೆದಾಗ ಜಗತ್ತಿನಲ್ಲೇ ದೊಡ್ಡದು ಅಂತ ಹೇಳಿಕೊಳ್ಳುತ್ತಿತ್ತು. 2009ಕ್ಕೆ ಮುಚ್ಚಿತು. ಈಗ ಅದೇ ಜಾಗದಲ್ಲಿ ಅಮೆಜಾನ್‌ನ ಗೋದಾಮಿದೆ. ಇದಕ್ಕಿಂತ ನೇರವಾಗಿ ಕಥೆ ಹೇಳೋಕಾಗಲ್ಲ. ಆದರೆ ಈ ದೇಶದಲ್ಲಿ ಒಬ್ಬೊಬ್ಬರ ಪಾಲಿಗೆ ಕಟ್ಟಿಟ್ಟ ಅಂಗಡಿ ಜಾಗ ಬೇರೆ ಶ್ರೀಮಂತ ದೇಶಗಳಿಗಿಂತ ಎಷ್ಟೋ ಜಾಸ್ತಿ. ಐದು ಮೈಲಿಗೊಂದು ಮಾಲ್ ಕಟ್ಟಿ ಎಲ್ಲವೂ ತುಂಬಿರಲಿ ಅಂದರೆ ಹೇಗೆ?

ಮತ್ತೆ ಒಪ್ಪಂದಗಳ ಗಂಟು. ಮಾಲ್ ನಿಂತಿರೋದೇ ಆಂಕರ್ ಅಂತ ಕರೆಯುವ ದೊಡ್ಡ ಅಂಗಡಿಗಳ ಮೇಲೆ. ಅವರಿಗೆ ಬಾಡಿಗೆ ಕಮ್ಮಿ, ಎಷ್ಟೋ ಕಡೆ ಕಟ್ಟಡವೇ ಅವರದು. ಅವರನ್ನ ನೋಡೋಕೆ ಬಂದ ಜನರಿಂದ ಸಣ್ಣ ಅಂಗಡಿಗಳಿಗೆ ವ್ಯಾಪಾರ. ಹಾಗಾಗಿ, ಆಂಕರ್ ಹೋದರೆ ನಾವು ಬಾಡಿಗೆ ಕಮ್ಮಿ ಕೊಡ್ತೀವಿ ಇಲ್ಲಾ ಬಿಟ್ಟು ಹೋಗ್ತೀವಿ ಅನ್ನೋ ಷರತ್ತನ್ನ ಸಣ್ಣವರು ಮೊದಲೇ ಬರೆಸಿಕೊಂಡಿರುತ್ತಾರೆ. 2018ರಲ್ಲಿ ಸಿಯರ್ಸ್ ಅನ್ನೋ ಅಂಥದೊಂದು ದೊಡ್ಡ ಅಂಗಡಿ ದಿವಾಳಿ ಅರ್ಜಿ ಹಾಕಿತು, 2020ರಲ್ಲಿ ಜೆ.ಸಿ. ಪೆನ್ನಿ. ಒಂದು ಕಂಬ ಬಿದ್ದರೆ ಹೆಂಚು ಒಂದೊಂದಾಗಿ ಜಾರುತ್ತದೆ. ಕೆಡವೋಣ ಅಂದರೆ ಮೂರು ಕಟ್ಟಡಕ್ಕೆ ಮೂರು ಮಾಲೀಕರು, ಪಾರ್ಕಿಂಗಿಗೆ ಹಳೇ ಕರಾರು, ಎಲ್ಲರ ಸಹಿ ಬೇಕು. ನಮ್ಮ ಮಾಲ್‌ನಲ್ಲಿ ಅದೆಲ್ಲ ಮುಗಿದು, ಊರಿನವರು ಹೂಂ ಅಂದರೆ ಸಾಕು ಅನ್ನೋ ಹಂತಕ್ಕೆ ಬಂದಿರೋದೇ ದೊಡ್ಡದು.

ಬೇರೆ ಊರುಗಳು ಹೂಂ ಅಂದಿವೆ. ಕೊಲರಾಡೋದ ಲೇಕ್‌ವುಡ್‌ನಲ್ಲಿ ವಿಲ್ಲಾ ಇಟಾಲಿಯಾ ಅನ್ನೋ ಮಾಲನ್ನ ಕೆಡವಿ, ಬೀದಿಗಳನ್ನ ಹಾಕಿ, ಬೆಲ್ಮಾರ್ ಅಂತ ಒಂದು ಪೇಟೆಯನ್ನೇ ಕಟ್ಟಿದರು. ಆಸ್ಟಿನ್‌ನ ಹೈಲ್ಯಾಂಡ್ ಮಾಲ್ ಈಗ ಕಾಲೇಜು. ನನಗೆ ತುಂಬ ಇಷ್ಟವಾದದ್ದು ವರ್ಮಾಂಟಿನ ಬರ್ಲಿಂಗ್ಟನ್. ಅಲ್ಲಿನ ಹೈಸ್ಕೂಲ್ ಕಟ್ಟಡದಲ್ಲಿ ವಿಷದ ರಾಸಾಯನಿಕ ಸಿಕ್ಕಿತು. 2021ರಲ್ಲಿ ಮಕ್ಕಳನ್ನ ಖಾಲಿ ಬಿದ್ದಿದ್ದ ಮೇಸೀಸ್ ಅನ್ನೋ ದೊಡ್ಡ ಅಂಗಡಿಗೆ ಕರೆದೊಯ್ದರು. ಎಸ್ಕಲೇಟರ್ ಹತ್ತಿ ಕ್ಲಾಸಿಗೆ ಹೋಗುವ ಮಕ್ಕಳು! ಎಲ್ಲ ಕಡೆ ಹೀಗೇ ಸುಖಾಂತ್ಯ ಅಂತಲ್ಲ. ಹೊಸ ಮನೆಗಳ ಬಾಡಿಗೆ ನೋಡಿದರೆ, ಬರುವವರ ಬಗ್ಗೆ ನಮ್ಮ ಅಜ್ಜಿ ಹೆದರೋದೇನೂ ಬೇಡ. ಉಗುರಿಗೆ ಬಣ್ಣ ಹಚ್ಚುವ ಆ ಹೆಂಗಸು ಎಲ್ಲಿಗೆ ಹೋಗ್ತಾಳೆ ಅಂತ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಏನನ್ನೂ ಕೇಳಲಿಲ್ಲ. ಮಾತಾಡೋಕೆ ಹೆಸರು ಕೊಟ್ಟಿದ್ದೆ. ನನ್ನ ಸರದಿಗೆ ಇಬ್ಬರು ಬಾಕಿ ಇದ್ದಾಗ, ಬಂದ ಮನವಿಗಳನ್ನ ಗುಮಾಸ್ತರು ಪರದೆ ಮೇಲೆ ತೋರಿಸಿದರು. ಯೋಜನೆ ಬೇಡ ಅನ್ನೋ ಮನವಿ, ಮೊದಲ ಹಾಳೆ. ಒಂಬತ್ತನೇ ಸಾಲಿನಲ್ಲಿ ನನ್ನ ಸಹಿ.

ಎರಡು ತಿಂಗಳ ಹಿಂದೆ ಅಜ್ಜಿ ಬಾಗಿಲಿಗೆ ಬಂದಿದ್ದರು, ಕೈಯಲ್ಲಿ ಕ್ಲಿಪ್‌ಬೋರ್ಡು. ಟ್ರಾಫಿಕ್ ಜಾಸ್ತಿ ಆಗುತ್ತೆ, ಸ್ಕೂಲಲ್ಲಿ ಮಕ್ಕಳಿಗೆ ಜಾಗ ಸಾಲಲ್ಲ ಅಂದರು. ಒಲೆ ಮೇಲೆ ಏನೋ ಇತ್ತು. ಸಲಿಕೆ ಹಿಡಿದು ಬಂದವರಿಗೆ ಇಲ್ಲ ಅನ್ನೋದು ಹೇಗೆ ಅಂತ ಸುಮ್ನೆ ಸಹಿ ಹಾಕಿದ್ದೆ. ಓದಿರಲಿಲ್ಲ ಅಂದರೆ ಸುಳ್ಳು. ಓದಿದ್ದೆ. ಟ್ರಾಫಿಕ್ ವಿಷಯ ನನಗೂ ಸರಿ ಅನ್ನಿಸಿತ್ತು. ಮನೆ ಕೊಂಡ ಎರಡೇ ವರ್ಷದಲ್ಲಿ ನಾನೂ ಬರೋರನ್ನ ಎಣಿಸೋಕೆ ಶುರು ಮಾಡಿದ್ದೆ.

ನನ್ನ ಹೆಸರು ಕರೆದಾಗ ಬೇಡ ಅಂತ ಕೈ ಆಡಿಸಿದೆ. ಹನ್ನೊಂದೋ ಹನ್ನೆರಡೋ ಜನ ಮಾತಾಡಿದ ಮೇಲೆ ತೀರ್ಮಾನವನ್ನ ಮುಂದಿನ ತಿಂಗಳಿಗೆ ಹಾಕಿದರು.

ಪಾರ್ಕಿಂಗಿನಲ್ಲಿ ಅಜ್ಜಿ ಕಾರಿನ ಗಾಜು ಇಳಿಸಿ ಕೂಗಿದರು. "ಮುಂದಿನ ಸಲವೂ ಬನ್ನಿ, ಜಾಗ ಹಿಡಿದಿರ್ತೀನಿ!" ನಾನು ಕೈ ಬೀಸಿದೆ.