ಜರ್ಮನಿಯಲ್ಲಿ ಓದು ಫ್ರೀ ಅಂತೆ, ಹೌದಾ?

ಹೌದು, ಇಲ್ಲ, ಅರ್ಧಂಬರ್ಧ. ಅಲ್ಲಿ ಓದಿ ಬಂದವಳು ಅಂತ ನನ್ನನ್ನು ಕೇಳುತ್ತಾರೆ, ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ, ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ವಾಟ್ಸಾಪಿನಲ್ಲಿ "ಹಾಯ್ ಅಕ್ಕ, ನಿಮ್ಮ ನಂಬರ್ ನಮ್ಮ ಮಾವ ಕೊಟ್ರು, ಜರ್ಮನಿ ಬಗ್ಗೆ ಸ್ವಲ್ಪ ಗೈಡ್ ಮಾಡಿ" ಅಂತ ಬಂದರೆ ಈ ಲಿಂಕ್ ಹೋಗುತ್ತದೆ, ಅಷ್ಟೇ. ಜರ್ಮನಿ ಬಗ್ಗೆ ಅಂದರೆ ಏನು ಹೇಳಲಿ? ರಾಜಧಾನಿ ಬರ್ಲಿನ್.

ಮೊದಲು ಫೀಸಿನ ವಿಷಯ ಮುಗಿಸಿಬಿಡೋಣ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀ ಇಲ್ಲ, ನಿಜ. ಸೆಮಿಸ್ಟರಿಗೆ ಒಂದು ಶುಲ್ಕ ಕಟ್ಟಬೇಕು, ಊರಿನ ಮೇಲೆ 100ರಿಂದ 400 ಯೂರೋ ಆಗಬಹುದು, ಎಷ್ಟೋ ಕಡೆ ಅದರಲ್ಲೇ ಬಸ್ಸು-ರೈಲಿನ ಪಾಸೂ ಸೇರಿರುತ್ತದೆ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ 2017ರಿಂದಲೇ ಸೆಮಿಸ್ಟರಿಗೆ 1,500 ಯೂರೋ ಇದೆ. ಸ್ಟುಟ್‌ಗಾರ್ಟ್ ಇರುವುದು ಆ ರಾಜ್ಯದಲ್ಲೇ. ಬಾಷ್, ಮರ್ಸಿಡಿಸ್ ಊರು ಅಂತ ನಮ್ಮ ಮೆಕ್ಯಾನಿಕಲ್ ಹುಡುಗರು ಮೊದಲು ಹುಡುಕುವುದೇ ಅದನ್ನು, ಆಮೇಲೆ "ಅಕ್ಕ, ಫ್ರೀ ಅಂದಿದ್ರಲ್ಲ" ಅಂತ ನನ್ನನ್ನು ಹಿಡಿದುಕೊಳ್ಳುತ್ತಾರೆ. ನಾನು ಅಂದಿರಲಿಲ್ಲ. ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಫೀ ಶುರು ಮಾಡಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ. ಇನ್ನು ಖಾಸಗಿ ಕಾಲೇಜುಗಳು ಬೇರೆಯೇ ಕಥೆ. ಬೆಂಗಳೂರಿನ ಕನ್ಸಲ್ಟೆನ್ಸಿಯವರು ನೀವು ಕೇಳದೇ ಇದ್ದರೂ ಒಂದೇ ಕಾಲೇಜಿನ ಹೆಸರನ್ನು ಮೂರು ಸಲ ಹೇಳಿದರೆ, ಆ ಕಾಲೇಜು ಸರ್ಕಾರಿಯೋ ಖಾಸಗಿಯೋ ಅಂತ ಮನೆಗೆ ಬಂದು ನೋಡಿ. ಡಾಡ್ (DAAD) ಅಂತ ಕರೆಯುವ ಸರ್ಕಾರಿ ಬೆಂಬಲದ ಸಂಸ್ಥೆಯ ವೆಬ್‌ಸೈಟಿನಲ್ಲಿ ಎಲ್ಲಾ ಕೋರ್ಸುಗಳ ಪಟ್ಟಿ ಇದೆ, ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ, ಇಂಗ್ಲಿಷಿನಲ್ಲೇ ಇದೆ.

ಇಷ್ಟು ಹೇಳಿ ಉಸಿರು ಬಿಡುವಷ್ಟರಲ್ಲಿ ಮುಂದಿನ ಪ್ರಶ್ನೆ ಬರುತ್ತದೆ. "ಒಟ್ಟು ಎಷ್ಟಾಗುತ್ತೆ?"

ಅರಸೀಕೆರೆಯಲ್ಲಿ ನಮ್ಮ ಅತ್ತೆ ಮಗನ ಮದುವೆ. ಎರಡನೇ ಪಂಕ್ತಿಯಲ್ಲಿ ಕೂತಿದ್ದೆ. ಎದುರು ಸಾಲಿನಲ್ಲಿದ್ದ ಹಿರಿಯರೊಬ್ಬರು ಕೋಸಂಬರಿ ಬಡಿಸುವ ಹೊತ್ತಿಗೇ ಶುರು ಮಾಡಿದರು. ಅವರ ಮಗ ಇಂಜಿನಿಯರಿಂಗ್ ಕೊನೇ ವರ್ಷ. ನಾನು ಬ್ಲಾಕ್ಡ್ ಅಕೌಂಟ್ ಬಗ್ಗೆ ಹೇಳಿದೆ. ವೀಸಾ ಬೇಕಾದರೆ ಒಂದು ವರ್ಷದ ಖರ್ಚನ್ನು ಮೊದಲೇ ಅಲ್ಲಿನ ಖಾತೆಯೊಂದಕ್ಕೆ ಹಾಕಿ ತೋರಿಸಬೇಕು, 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ಯೂರೋಗೆ ನೂರು ರೂಪಾಯಿ ಅಂತ ಲೆಕ್ಕ ಹಾಕಿದರೆ ಹನ್ನೆರಡು ಲಕ್ಷದ ಹತ್ತಿರ, ಅಂತ ಇಷ್ಟೂ ಎಲೆಯ ಮೇಲಿಂದಲೇ ವಿವರಿಸಿದೆ.

"ಅಂದ್ರೆ ಡೊನೇಷನ್ನು."

"ಅಲ್ಲ ಅಂಕಲ್. ಅದು ನಿಮ್ಮದೇ ದುಡ್ಡು. ತಿಂಗಳಿಗೆ 992 ಯೂರೋ ಥರ ನಿಮ್ಮ ಮಗನಿಗೇ ವಾಪಸ್ ಬರುತ್ತೆ. ಊಟ, ಬಾಡಿಗೆ ಅದರಲ್ಲೇ."

ಅನ್ನ ಬಂತು, ಸಾರು ಬಂತು. ಅವರು ಕಲಸುತ್ತಾ ಯೋಚನೆ ಮಾಡಿದರು. ಪಕ್ಕದವರ ಕಡೆ ತಿರುಗಿ, ನನಗೆ ಚೆನ್ನಾಗಿ ಕೇಳಿಸುವ ಹಾಗೆ, "ಡೊನೇಷನ್ನೇ, ಆದ್ರೆ ವಾಪಸ್ ಕೊಡ್ತಾರಂತೆ" ಅಂದರು. ಆಮೇಲೆ ನನಗೆ, "ಮ್ಯಾನೇಜ್‌ಮೆಂಟ್ ಸೀಟು ಇಲ್ವಾ ಅಲ್ಲಿ?"

ಅವರದು ತಪ್ಪು ಅಂತ ನಾನು ಹೇಳುವುದಿಲ್ಲ. ಸಿಇಟಿ, ಕಾಮೆಡ್‌-ಕೆ, ಡೊನೇಷನ್ನು, ಹಾಸ್ಟೆಲ್ ಡೆಪಾಸಿಟ್ಟು ಅಂತ ಮಕ್ಕಳನ್ನು ಓದಿಸಿದ ಮನುಷ್ಯ. ಸೀಟು ಸಿಕ್ಕಿತು, ಫೀಸು ಕಟ್ಟಿದೆವು ಅಂದರೆ ಕೆಲಸ ಮುಗಿಯಿತು ಅಂತಲೇ ಇಲ್ಲಿ ನಮಗೆಲ್ಲ ಅಭ್ಯಾಸ. ಬೇಜಾರಾಗುವುದು ಬೇರೆ ಕಾರಣಕ್ಕೆ. ಲೆಕ್ಕ ಹೇಳಿದ ಮೇಲೆ ಎಲ್ಲರೂ ಒಂದು ಥರ ನೋಡುತ್ತಾರೆ, ನಾನೇನೋ ಒಳ್ಳೇ ದಾರಿಯನ್ನು ಮುಚ್ಚಿಟ್ಟುಕೊಂಡು ಸುಳ್ಳು ಹೇಳುತ್ತಿದ್ದೇನೆ ಅನ್ನುವ ಹಾಗೆ. "ಪಕ್ಕದ ಮನೆಯವರ ಮಗ ಪಾರ್ಟ್‌ಟೈಮ್ ಮಾಡ್ಕೊಂಡೇ ಓದ್ತಿದಾನಂತಲ್ಲ?" ಮಾಡುತ್ತಿರಬಹುದು. 2024ರಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2026ರಲ್ಲಿ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ, ಚೆನ್ನಾಗಿಯೇ ಇದೆ. ಆದರೆ ಮೊದಲ ಸೆಮಿಸ್ಟರಿನಲ್ಲಿ ಭಾಷೆ ಬರದವರಿಗೆ ಸಿಗುವುದು ಗೋಡೌನು, ಊಟದ ಡೆಲಿವರಿ, ರಾತ್ರಿ ಪಾಳಿ, ಅದೂ ಸಿಕ್ಕರೆ. ಆ ಹನ್ನೆರಡು ಲಕ್ಷವನ್ನು ಬಡ್ಡಿಗೆ ತಂದು ಅಕೌಂಟಿಗೆ ಹಾಕಿ, ಅಲ್ಲಿಗೆ ಹೋದ ಮೊದಲ ತಿಂಗಳಿಂದಲೇ ದುಡಿದು ತೀರಿಸುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಇದನ್ನು ಹೇಳಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟವರೂ ಇದ್ದಾರೆ.

ಇಷ್ಟೆಲ್ಲಾ ಕೇಳುವವರಲ್ಲಿ ಒಬ್ಬಳು ಹುಡುಗಿ ಮಾತ್ರ ದುಡ್ಡಿನ ವಿಷಯ ಎತ್ತಲೇ ಇಲ್ಲ. ಚಿಕ್ಕನಾಯಕನಹಳ್ಳಿ ಕಡೆಯವಳು, ಅಡ್ಮಿಷನ್ ಆಗಿತ್ತು. ಫೋನ್ ಮಾಡಿ, "ಅಕ್ಕ, ಸೆಪ್ಟೆಂಬರ್ ಕೊನೇಲಿ ಹೋಗ್ಲಾ, ಅಕ್ಟೋಬರಲ್ಲಾ? ರೂಮು ಒಂದನೇ ತಾರೀಖಿಂದ ಅಂತೆ" ಅಂದಳು. ಅವಳ ಜೊತೆ ಒಂದು ಗಂಟೆ ಮಾತಾಡಿದೆ. ಎಲ್ಲರೂ ನನ್ನನ್ನು ಹೀಗೆ ಕೇಳಬೇಕು ಅನ್ನೋದು ನನ್ನಾಸೆ. ಫೀಸು ಎಷ್ಟು ಅಂತ ಗೂಗಲ್ ಹೇಳುತ್ತದೆ. ಇಳಿದ ರಾತ್ರಿ ಎಲ್ಲಿ ಮಲಗುತ್ತೀರಿ? ಅದನ್ನು ಕೇಳಿ.

ಯಾಕೆ ಅಂದರೆ ಅಲ್ಲಿ ಎಲ್ಲವೂ ವಿಳಾಸದಿಂದ ಶುರು. ಅಲ್ಲಿ ಮನೆಯೋ ರೂಮೋ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು, ಅನ್‌ಮೆಲ್ಡುಂಗ್ ಅಂತಾರೆ. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಒಂದು ಕಾಗದ ಬೇಕು. ಯೂತ್ ಹಾಸ್ಟೆಲಿನವರು, ನಾಲ್ಕು ದಿನಕ್ಕೆ ಜಾಗ ಕೊಟ್ಟ ಸ್ನೇಹಿತರು ಸಾಮಾನ್ಯವಾಗಿ ಆ ಕಾಗದ ಕೊಡುವುದಿಲ್ಲ. ನೋಂದಣಿ ಇಲ್ಲ ಅಂದರೆ ಟ್ಯಾಕ್ಸ್ ನಂಬರ್ ಬರುವುದಿಲ್ಲ, ಆ ನಂಬರ್ ಇಲ್ಲ ಅಂದರೆ ಪಾರ್ಟ್‌ಟೈಮ್ ಸಂಬಳದಲ್ಲಿ ಸಿಕ್ಕಾಪಟ್ಟೆ ಹಿಡಿದುಕೊಳ್ಳುತ್ತಾರೆ, ಎಷ್ಟೋ ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ, ಬ್ಲಾಕ್ಡ್ ಅಕೌಂಟಿನ ದುಡ್ಡು ಹೊರಗೆ ಬರುವುದಕ್ಕೆ ಖಾತೆ ಬೇಕು, ನೀವು ಅಲ್ಲಿಗೆ ಹೋದ ವೀಸಾ ಕೆಲವೇ ತಿಂಗಳಿನದು, ಅದನ್ನು ರೆಸಿಡೆನ್ಸ್ ಪರ್ಮಿಟ್ ಮಾಡಿಸುವುದಕ್ಕೂ ಇದೇ ವಿಳಾಸ ಬೇಕು. ಹನ್ನೆರಡು ಲಕ್ಷ ಅಕೌಂಟಿನಲ್ಲಿ ಕೂತಿರುತ್ತದೆ, ನೀವು ಊರಿಂದ ತಂದ ನಗದಿನಲ್ಲಿ ಬ್ರೆಡ್ ತಿನ್ನುತ್ತಿರುತ್ತೀರಿ.

ಹಾಗಾಗಿ ಅಡ್ಮಿಷನ್ ಪತ್ರ ಬಂದ ದಿನ ಸ್ಟೇಟಸ್ ಹಾಕುವ ಮೊದಲು ಆ ಊರಿನ ಶ್ಟುಡಿಯೆರೆಂಡೆನ್‌ವೆರ್ಕ್‌ನಲ್ಲಿ ಹಾಸ್ಟೆಲ್ ರೂಮಿಗೆ ಅರ್ಜಿ ಹಾಕಿ. ಹಾಸ್ಟೆಲ್, ಕ್ಯಾಂಟೀನ್ ಎರಡನ್ನೂ ನೋಡಿಕೊಳ್ಳುವವರು ಅವರು. ಕೆಲವು ಕಡೆ ಅಡ್ಮಿಷನ್ ಬರುವ ಮೊದಲೇ ಹಾಕಬಹುದು. ಮ್ಯೂನಿಕ್ ಥರದ ಊರುಗಳಲ್ಲಿ ವೇಟಿಂಗ್ ಲಿಸ್ಟ್ ಉದ್ದ ಇರುತ್ತದೆ. ನಾನಿದ್ದಿದ್ದು ಪೂರ್ವದ ಕಡೆಯ ಸಣ್ಣ ಊರು, ಅಲ್ಲಿ ರೂಮೂ ಸಿಗುತ್ತಿತ್ತು, ಬಾಡಿಗೆಯೂ ಕಡಿಮೆ. ಹೆಸರಾದ ಊರು ಅಂತ ಮ್ಯೂನಿಕ್ಕಿಗೆ ಹೋದ ಗೆಳತಿ ತಿಂಗಳ ದುಡ್ಡಿನಲ್ಲಿ ಮುಕ್ಕಾಲು ಪಾಲನ್ನು ರೂಮಿಗೇ ಕಟ್ಟುತ್ತಿದ್ದಳು.

ಹೊರಗೆ ರೂಮು ಹುಡುಕುವವರಿಗೆ ಎರಡು ಮಾತು. ಜಾಹೀರಾತಿನಲ್ಲಿ ಕಾಲ್ಟ್ ಅಂತಿದ್ದರೆ ಹೀಟಿಂಗ್, ನೀರು ಬಿಟ್ಟು ಬಾಡಿಗೆ, ವಾರ್ಮ್ ಅಂತಿದ್ದರೆ ಸೇರಿಸಿ. ಕಾಲ್ಟ್ ನೋಡಿ ಅಗ್ಗ ಅಂತ ಕುಣಿಯಬೇಡಿ. ಮತ್ತೆ "ನಾನು ಈಗ ಲಂಡನ್ನಿನಲ್ಲಿದ್ದೇನೆ, ಡೆಪಾಸಿಟ್ ಹಾಕಿ, ಕೀ ಕೊರಿಯರ್ ಮಾಡುತ್ತೇನೆ" ಅನ್ನುವ ಮಾಲೀಕ ಮಾಲೀಕನೇ ಅಲ್ಲ, ಮೋಸ. ಚಂದದ ಫೋಟೋ, ಕಡಿಮೆ ಬಾಡಿಗೆ, ಮನೆ ತೋರಿಸುವುದಕ್ಕೆ ಮಾತ್ರ ಯಾರೂ ಇರುವುದಿಲ್ಲ. ಇಷ್ಟು ಓದಿದವರೂ ಬೀಳುತ್ತಾರೆ, ಯಾಕಂದರೆ ಆಗಸ್ಟ್ ಕೊನೆಯಲ್ಲಿ ರೂಮಿಲ್ಲದೆ ತಲೆ ಕೆಟ್ಟಿರುತ್ತದೆ.

ರೂಮು ಸಿಕ್ಕ ಮೇಲೆ ಮೊದಲು ಮಾಡಬೇಕಾದ ಕೆಲಸ ಯಾವುದು ಗೊತ್ತಾ? ಕೆಳಗಿರುವ ಟಪಾಲು ಪೆಟ್ಟಿಗೆಗೆ ಹೆಸರು ಅಂಟಿಸೋದು. ಅಲ್ಲಿ ರೂಮ್ ನಂಬರಿಗಿಂತ ಹೆಸರೇ ಮುಖ್ಯ. ಪೆಟ್ಟಿಗೆ ಮೇಲೆ ಹೆಸರಿಲ್ಲದಿದ್ದರೆ ಪೋಸ್ಟಿನವರು ಕಾಗದ ವಾಪಸ್ ಕಳಿಸುತ್ತಾರೆ, ಬ್ಯಾಂಕಿನ ಪಿನ್ನು, ಇನ್ಶೂರೆನ್ಸು, ಟ್ಯಾಕ್ಸ್ ನಂಬರು ಎಲ್ಲಾ ಇನ್ನೂ ಕಾಗದದಲ್ಲೇ ಬರುವುದು. ಯಾವ ಹೆಸರು? ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಏನಿದೆಯೋ ಅದು. ನಮಗೋ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಎಲ್ಲಿಂದ ಬರಬೇಕು? ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗದಲ್ಲಿ ಅಪ್ಪನ ಹೆಸರು ಹಾಕಿದ್ದರು. ಹಾಗಾಗಿ ಓದು ಮುಗಿಯುವ ತನಕ ನಾನು ಅಲ್ಲಿ ಫ್ರಾವ್ ರಂಗಪ್ಪ, ಅಂದರೆ ರಂಗಪ್ಪ ಮೇಡಂ. ಡಾಕ್ಟರ ಕ್ಲಿನಿಕ್ಕಿನಲ್ಲಿ "ಫ್ರಾವ್ ರಂಗಪ್ಪ" ಅಂತ ಕೂಗಿದಾಗ ಅಪ್ಪನ್ನ ಯಾಕೆ ಕರೀತಾರೆ ಅಂತ ಒಂದು ಕ್ಷಣ ಸುಮ್ಮನೆ ಕೂತೇ ಇರುತ್ತಿದ್ದೆ.

ಪರೀಕ್ಷೆ ಬಗ್ಗೆಯೂ ಯಾರೂ ಕೇಳುವುದಿಲ್ಲ, ಎಲ್ಲರೂ ಪಾಸಾಗಿಯೇ ಬಿಡುವವರ ಥರ. ವಿಟಿಯುನಲ್ಲಿ ಬ್ಯಾಕ್ ಇಟ್ಟುಕೊಂಡು ಮುಂದಿನ ಸೆಮ್ಮಿನಲ್ಲಿ ಬರೆದು ರೂಢಿ ನಮಗೆ. ಅಲ್ಲಿ ಒಂದು ಪೇಪರನ್ನು ಸಾಮಾನ್ಯವಾಗಿ ಮೂರು ಸಲ ಬರೆಯಬಹುದು. ಮೂರನೇ ಸಲವೂ ಹೋಯಿತು, ಆ ಪೇಪರ್ ಕಡ್ಡಾಯದ್ದು ಅಂದರೆ ಕೋರ್ಸಿನಿಂದ ಹೊರಗೆ, ಅದೇ ಕೋರ್ಸಿಗೆ ದೇಶದ ಬೇರೆ ಯೂನಿವರ್ಸಿಟಿಯಲ್ಲೂ ಸೇರಿಸಿಕೊಳ್ಳುವುದಿಲ್ಲ. ವೀಸಾ ಇರುವುದು ಓದಿಗೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಪರೀಕ್ಷೆಗೆ ನೀವೇ ಆನ್‌ಲೈನಿನಲ್ಲಿ ಹೆಸರು ಕೊಡಬೇಕು, ಕೊನೇ ದಿನ ತಪ್ಪಿದರೆ ಡಿಪಾರ್ಟ್‌ಮೆಂಟಿಗೆ ಹೋಗಿ "ಸಾರ್, ಪ್ಲೀಸ್" ಅಂದರೆ ನಡೆಯುವುದಿಲ್ಲ. ಗೋಡೌನಿನ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಪರೀಕ್ಷೆಗೆ ಕೂರುವವರನ್ನು ನೋಡಿಯೇ ಮೇಲೆ ಅಷ್ಟು ಖಾರವಾಗಿ ಬರೆದಿದ್ದು.

ಓಡಾಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 2026ರಲ್ಲಿ ತಿಂಗಳಿಗೆ 63 ಯೂರೋ ಇರುವ ಡಾಯ್ಚ್‌ಲಾಂಡ್ ಟಿಕೆಟ್ಟಿನಲ್ಲಿ ದೇಶದ ಸಿಟಿ ಬಸ್ಸು, ಟ್ರಾಮು, ಪ್ರಾದೇಶಿಕ ರೈಲುಗಳಲ್ಲೆಲ್ಲ ಹೋಗಬಹುದು, ವಿದ್ಯಾರ್ಥಿಗಳಿಗೆ ಯೂನಿವರ್ಸಿಟಿ ಮೂಲಕ ಇನ್ನೂ ಕಡಿಮೆಗೆ ಸಿಗುತ್ತದೆ. ಐಸಿಇ ಅನ್ನುವ ವೇಗದ ರೈಲಿಗೆ ಅದು ನಡೆಯುವುದಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಇಳಿದು ಖುಷಿಯಲ್ಲಿ ಕಣ್ಣಿಗೆ ಬಿದ್ದ ಬಿಳಿ ರೈಲು ಹತ್ತಬೇಡಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 60 ಯೂರೋ ದಂಡ. ನೀವೇ ಡಾಯ್ಚ್‌ಲಾಂಡ್ ಟಿಕೆಟ್ ಕೊಂಡಿದ್ದರೆ, ಬೇಡವಾದಾಗ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, ಇಲ್ಲದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ಮತ್ತೆ ಶನಿವಾರ ರಾತ್ರಿಯೋ ಭಾನುವಾರವೋ ಇಳಿಯುವ ಫ್ಲೈಟ್ ಬುಕ್ ಮಾಡಬೇಡಿ, ಅಗ್ಗ ಇದ್ದರೂ. ಭಾನುವಾರ ಅಂಗಡಿಗಳೆಲ್ಲ ಬಂದ್, ಸ್ಟೇಷನ್ನಿನ ಅಂಗಡಿ ಬಿಟ್ಟರೆ ಹಾಲೂ ಸಿಗುವುದಿಲ್ಲ, ಹಾಸ್ಟೆಲಿನಲ್ಲಿ ಕೀ ಕೊಡುವವರೂ ಇರುವುದಿಲ್ಲ. ಚಿಕ್ಕನಾಯಕನಹಳ್ಳಿ ಹುಡುಗಿಗೆ ನಾನು ಹೇಳಿದ್ದೂ ಇದನ್ನೇ. ರೂಮು ಒಂದನೇ ತಾರೀಖು ಸಿಗುವುದಾದರೆ ಆಮೇಲೆ ಬರುವ ಮೊದಲ ಕೆಲಸದ ದಿನ ಬೆಳಗ್ಗೆ ಇಳಿ. ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್ಕಿನಲ್ಲಂತೂ ಆಕ್ಟೋಬರ್‌ಫೆಸ್ಟ್ ನಡೆಯುತ್ತಿರುತ್ತದೆ, ಹಾಸ್ಟೆಲ್ ಮಂಚದ ರೇಟು ಕೇಳಿದರೆ ವಾಪಸ್ ಫ್ಲೈಟ್ ಹತ್ತೋಣ ಅನ್ನಿಸುತ್ತದೆ.

ಕೊನೆಗೆ, ಅಮ್ಮಂದಿರಿಗೆ. ತುಪ್ಪ ಕಳಿಸಬೇಡಿ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ, ಕಸ್ಟಮ್ಸಿನಲ್ಲಿ ಎಸೆಯುತ್ತಾರೆ. ಕರಿಬೇವೂ ಬೇಡ, ಹಸಿ ಸೊಪ್ಪಿಗೆ ಸರ್ಟಿಫಿಕೇಟ್ ಕೇಳುತ್ತಾರೆ. ಸರ್ಟಿಫಿಕೇಟ್ ಇಲ್ಲದೆ ಬಿಡುವ ಹಣ್ಣುಗಳು ಐದೇ: ಅನಾನಸ್, ಬಾಳೆಹಣ್ಣು, ಖರ್ಜೂರ, ದುರಿಯನ್, ತೆಂಗಿನಕಾಯಿ. ತೆಂಗಿನಕಾಯಿ ಸರಿ ಅಂದರೆ ಕೊಬ್ಬರಿಯೂ ಸರಿ ಅಂದುಕೊಳ್ಳಬೇಡಿ, ಅದನ್ನು ಇಲ್ಲಿ ಬೆಂಗಳೂರಿನ ಏರ್‌ಪೋರ್ಟಿನಲ್ಲೇ ತೆಗೆಸುತ್ತಾರೆ. ಎಣ್ಣೆ ಜಾಸ್ತಿ ಇರುವುದರಿಂದ ತಾನಾಗಿಯೇ ಕಾದು ಬೆಂಕಿ ಹೊತ್ತಿಕೊಳ್ಳಬಹುದಂತೆ. ತಿಪಟೂರು ಕಡೆಯವರು ನನ್ನ ಮೇಲೆ ಕೋಪ ಮಾಡಿಕೊಂಡು ಪ್ರಯೋಜನ ಇಲ್ಲ. ಚಟ್ನಿಪುಡಿ, ಸಾರಿನ ಪುಡಿ, ಒಂದು ಸಣ್ಣ ಕುಕ್ಕರ್ ಹಾಕಿ ಕಳಿಸಿ. ಕುಕ್ಕರಿಗೆ ಒಂದು ಗ್ಯಾಸ್ಕೆಟ್ ಜಾಸ್ತಿ ಇರಲಿ, ಅದು ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ.