ಒಂದು ಚೊಂಬು ನೀರು

ಅಕ್ಟೋಬರ್ 14, 2025, ಮಂಗಳವಾರ. ರಾತ್ರಿ 10.40

ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿಲ್ಲ. ಮೂರು ಸಲ ಸೋಪು ಹಾಕಿ ತೊಳೆದೆ. ಕೊಳೆತ ಎಲೆಯ ವಾಸನೆ ಹಾಗೇ ಇದೆ.

ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟಾಣಿ ಕಂಪ್ಯೂಟರ್, ಹೋಗಿರುವುದು ಇವತ್ತು ಖಾತ್ರಿಯಾಯಿತು. ಶುಕ್ರವಾರ ಸಂಜೆ ಮಳೆಯಲ್ಲಿ ನಾಯಂಡಹಳ್ಳಿ ಹತ್ತಿರ ನಿಂತುಬಿಟ್ಟಿತ್ತಲ್ಲ, ಆಗ ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹತ್ತಿದ್ದವು. ಆರ್‌ಪಿಎಂ ಮುಳ್ಳು ಧೊಪ್ಪನೆ ಬಿತ್ತು. ಹಿಂದೆ ಹಾರ್ನ್ ಮೇಲೆ ಹಾರ್ನ್. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಓಡಿತು. ಮನೆ ಮುಂದೆ ಬಂದು ಆಫ್ ಮಾಡಿದ್ದೇ ಕೊನೆ. ಆಯುಧಪೂಜೆಗೆ ಕುಂಬಳಕಾಯಿ ಒಡೆದು ಇನ್ನೂ ಒಂಬತ್ತು ದಿನ ಆಗಿತ್ತು ಅಷ್ಟೇ. ಚಕ್ರದ ಮೇಲಿನ ಕುಂಕುಮ ಕೂಡ ಅಳಿಸಿರಲಿಲ್ಲ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಹೊಸ ಇಸಿಯುಗೆ 72 ಸಾವಿರ, ಆರ್ಡರ್ ಹಾಕಿದ ಮೇಲೆ ಮೂರು ವಾರ ಅಂದರು. ಗಾಡಿ 2009ರದು. ಹೋದ ವರ್ಷ 15 ವರ್ಷ ತುಂಬಿ, ಎಫ್‌ಸಿ ಮಾಡಿಸಿ, ಇನ್ನೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಿದ್ದೆವು. "ಆಗಲೇ ಗುಜರಿಗೆ ಹಾಕಿಬಿಡಬೇಕಿತ್ತು ಕಣಮ್ಮ" ಅಂದರು ಚಿಕ್ಕಪ್ಪ. ನಾನು ಉತ್ತರ ಕೊಡಲಿಲ್ಲ. ಅವರಿಗೆ ಅದು ಲೆಕ್ಕ. ನನಗೆ ಅಪ್ಪನ ಗಾಡಿ.

ಗ್ಯಾರೇಜ್ ಅಣ್ಣನ ಬಗ್ಗೆ ಬರೆಯಲೇಬೇಕು. ಭಾನುವಾರ ಅವರೇ ಮನೆಗೆ ಬಂದರು. ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರು. ಎಬಿಎಸ್ ಮಾತಾಡಿತು, ಏರ್‌ಬ್ಯಾಗ್ ಮಾತಾಡಿತು, ಎಂಜಿನ್ ಮಾತ್ರ ಉಸಿರೆತ್ತಲಿಲ್ಲ. ಯು0100 ಅಂತ ಒಂದು ಕೋಡ್ ಬಂತು, ಎಂಜಿನ್ ಇಸಿಯು ಸಂಪರ್ಕಕ್ಕೆ ಸಿಗುತ್ತಿಲ್ಲ ಅಂತ ಅರ್ಥ. "ಮಾತಾಡಲ್ಲ ಅಂದ ಮಾತ್ರಕ್ಕೆ ಸತ್ತೋಗಿದೆ ಅಂತಲ್ಲ ಅಕ್ಕ. ಅದಕ್ಕೆ ಊಟ ಹೋಗ್ತಿದೆಯಾ ನೋಡಬೇಕು." ಫ್ಯೂಸ್ ನೋಡಿದರು, ಮೇನ್ ರಿಲೇ ನೋಡಿದರು, ಬ್ಯಾಟರಿ ಕರೆಂಟ್ ಇಸಿಯು ಕನೆಕ್ಟರ್ ತನಕ ಬರುತ್ತಿದೆಯಾ ಅಳೆದರು. ಅರ್ತ್ ಬೋಲ್ಟ್ ಬಿಚ್ಚಿ ಉಜ್ಜಿ ಮತ್ತೆ ಕೂರಿಸಿದರು. ಸೆನ್ಸರುಗಳಿಗೆ ಇಸಿಯುನಿಂದ 5 ವೋಲ್ಟ್ ಹೋಗಬೇಕಂತೆ. ಒಂದು ಸೆನ್ಸರ್ ಶಾರ್ಟ್ ಆದರೂ ಸಾಕು, ಆ 5 ವೋಲ್ಟ್ ಬಿದ್ದುಹೋಗಿ ಇಸಿಯುನೇ ಹೋದ ಹಾಗೆ ಕಾಣುತ್ತದಂತೆ. ಅದಕ್ಕೆ ಒಂದೊಂದೇ ಸೆನ್ಸರ್ ಕಿತ್ತು ಮೀಟರ್ ಹಿಡಿದು ನೋಡಿದರು. ಆ 5 ವೋಲ್ಟ್ ವಾಪಸ್ ಬರಲಿಲ್ಲ. ಅರ್ಧ ದಿನ ಹಿಡಿಯಿತು. ಬಂದ ತಕ್ಷಣ "ಹೋಗಿದೆ, ಬದಲಾಯಿಸಿ" ಅಂದಿದ್ದರೂ ನಾನು ನಂಬುತ್ತಿದ್ದೆ. ಇಂಥವರು ಸಿಗುವುದು ಪುಣ್ಯ.

ಇಸಿಯು ಬಿಚ್ಚುವಾಗ ಅವರು ಇನ್ನೊಂದು ಮಾತು ಹೇಳಿದ್ದರು. "ಎಡಗಡೆ ಕಾರ್ಪೆಟ್ ಒದ್ದೆ ಇದೆಯಲ್ಲ ಅಕ್ಕ." ನೀರಿನ ಬಾಟಲಿಯನ್ನು ಮಗ ಪುಟ್ಟ ಚೆಲ್ಲಿದ್ದಾನೆ ಅಂದುಕೊಂಡೆ. ಅವನಿಗೆ ಬೈದೂ ಬಿಟ್ಟೆ.

ಇವತ್ತು ಅರ್ಧ ದಿನ ರಜೆ ಹಾಕಿ, ಇಸಿಯುವನ್ನು ಟವೆಲ್ಲಿನಲ್ಲಿ ಸುತ್ತಿ ಊಟದ ಬ್ಯಾಗಿನಲ್ಲಿ ಇಟ್ಟುಕೊಂಡು ಜೆ.ಸಿ. ರಸ್ತೆಗೆ ಹೋದೆ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಮಿನರ್ವ ಸರ್ಕಲ್ ಕಡೆಗೆ ನಡೆದೆ. ಅಪ್ಪನ ಜೊತೆ ಎಷ್ಟು ಸಲ ಬಂದಿದ್ದೇನೋ ಈ ರಸ್ತೆಗೆ. ಸೀಟ್ ಕವರ್, ಹಾರ್ನ್, ಕನ್ನಡಿ, ಎಲ್ಲಾ ಇಲ್ಲೇ. ಅಣ್ಣ ಹೇಳಿದ ಅಂಗಡಿ ಒಳಗಲ್ಲಿಯಲ್ಲಿ ಮೊದಲ ಮಹಡಿ. ಒಂದು ಮೇಜು, ಒಂದು ಮೈಕ್ರೋಸ್ಕೋಪು, ಗೋಡೆ ತುಂಬ ಅಲ್ಯೂಮಿನಿಯಂ ಡಬ್ಬಗಳು. ಇಸಿಯು ರಿಪೇರಿ ಮಾಡುವ ಅಂಗಡಿಯ ಭಾಯ್‌ಗೆ ಅರವತ್ತರ ಹತ್ತಿರ ವಯಸ್ಸಿರಬೇಕು.

"ಯಾರು ಹೇಳಿದ್ದು ಹೋಗಿದೆ ಅಂತ?" ಅದೇ ಮೊದಲ ಮಾತು. ಅಣ್ಣ ಮಾಡಿದ್ದನ್ನೆಲ್ಲ ಒಪ್ಪಿಸಿದೆ. ತಲೆ ಆಡಿಸಿ, ಬಿಸಿಗಾಳಿ ಬಿಟ್ಟು, ಅಂಟಿದ್ದ ಮುಚ್ಚಳವನ್ನು ನಿಧಾನಕ್ಕೆ ಎಬ್ಬಿಸಿದರು. ಕನೆಕ್ಟರ್ ಪಿನ್ನುಗಳ ಬುಡದಲ್ಲಿ ಹಸಿರು. ದೇವರ ಮನೆಯ ತಾಮ್ರದ ತಂಬಿಗೆ ತೊಳೆಯದೆ ಬಿಟ್ಟರೆ ಬರುತ್ತದಲ್ಲ, ಅದೇ ಕಿಲುಬು. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಕೂದಲಿನಷ್ಟು ತೆಳ್ಳಗಿನ ತಾಮ್ರದ ಗೆರೆಗಳು ನಡುನಡುವೆ ಮಾಯವಾಗಿದ್ದವು.

"ಮೇಲಿನ ಗೆರೆ ಆಗಿದ್ರೆ ವೈರ್ ಹಾಕಿ ಕೊಡ್ತಿದ್ದೆ ಮೇಡಂ. ಇದು ಪದರ ಪದರ ಬೋರ್ಡು. ಒಳಗಿನ ಪದರಕ್ಕೆ ಹೋಗಿದೆ. ಇವತ್ತು ಓಡತ್ತೆ, ನಾಳೆ ಹೈವೇಲಿ ನಿಲ್ಲತ್ತೆ. ನಾನು ಮಾಡಲ್ಲ."

ಅದೇ ಪಾರ್ಟ್ ನಂಬರಿನ ಸೆಕೆಂಡ್ ಹ್ಯಾಂಡ್ ಇಸಿಯು ಅವರ ಹತ್ತಿರವೇ ಇತ್ತು. ಹಾಗಾದರೆ ಅದನ್ನೇ ಕೊಡಿ, ಹಾಕಿಸಿಕೊಳ್ತೀವಿ ಅಂದೆ. ಅವರು ನಕ್ಕರು. ಹಾಗೇ ಹಾಕಿದರೆ ನಮ್ಮ ಕೀ ಅದಕ್ಕೆ ಗುರುತು ಸಿಗುವುದಿಲ್ಲ. ಕೀ ಒಳಗೊಂದು ಚಿಪ್ ಇದೆ, ಅದರ ಗುಟ್ಟು ಹೊಂದದಿದ್ದರೆ ಇಮೊಬಿಲೈಜರ್ ಎಂಜಿನ್ ಓಡಲು ಬಿಡುವುದಿಲ್ಲ. ಡೀಸೆಲ್ ಆದ್ದರಿಂದ ಇನ್ನೊಂದು ತಾಪತ್ರಯ. ನಾಲ್ಕು ಇಂಜೆಕ್ಟರಿಗೂ ಒಂದೊಂದು ಕೋಡ್ ಇರುತ್ತದಂತೆ, ತಲೆ ಮೇಲೇ ಅಚ್ಚು ಹಾಕಿರುತ್ತಾರೆ. ಯಾವ ಎರಡೂ ಒಂದೇ ಸಮ ಡೀಸೆಲ್ ಚಿಮ್ಮುವುದಿಲ್ಲ. ಯಾವುದು ಎಷ್ಟು ಹೆಚ್ಚು ಕಮ್ಮಿ ಅನ್ನುವುದು ಇಸಿಯುಗೆ ಗೊತ್ತಿರಬೇಕು. ತಪ್ಪಾದರೆ ಎಂಜಿನ್ ನಡುಗುತ್ತದೆ, ಹೊಗೆ ಬರುತ್ತದೆ. ಅದಕ್ಕೇ ಹಳೇ ಬೋರ್ಡಿನಲ್ಲಿ ಇರುವುದನ್ನೆಲ್ಲ ಓದಿ ಇದಕ್ಕೆ ಬರೆಯಬೇಕು. ಎಂಟು ಕಾಲಿನ ಒಂದು ಪುಟ್ಟ ಚಿಪ್ ತೋರಿಸಿದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

ಓದುವಾಗ ನಾನು ಉಸಿರು ಹಿಡಿದು ಕೂತಿದ್ದೆ. ಮೊದಲ ಸಲ ಬರಲಿಲ್ಲ. ಚಿಪ್ಪನ್ನೇ ಬೋರ್ಡಿನಿಂದ ಬಿಡಿಸಿ, ತೊಳೆದು, ಮತ್ತೆ ಓದಿದರು. ಬಂತು. "ಸಿಕ್ತು ಮೇಡಂ. ಡಬ್ಬ ಬೇರೆದು, ನೆನಪು ನಿಮ್ಮ ಗಾಡಿದೇ." ಎಲ್ಲಾ ಸೇರಿ 19 ಸಾವಿರ. ನಾಳೆ ಹನ್ನೊಂದಕ್ಕೆ ಬರಲು ಹೇಳಿದ್ದಾರೆ.

ಎದ್ದು ಹೊರಡುವಾಗ ಕೇಳಿದರು. "ನೀರು ಎಲ್ಲಿಂದ ಬಂತು ಅಂತ ನೋಡಿದ್ರಾ? ಅದು ನೋಡದೆ ಇದು ಹಾಕಿದ್ರೆ ಇನ್ನೆರಡು ಮಳೆಗಾಲಕ್ಕೆ ಇದೂ ಹೋಗತ್ತೆ. ಗಾಡಿ ಎಲ್ಲಿ ನಿಲ್ಲಿಸ್ತೀರಾ?"

"ಹೊಂಗೆ ಮರದ ಕೆಳಗೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ವೈಪರ್ ಕೆಳಗೆ ಜಾಲರಿ ಇದೆಯಲ್ಲ, ಅದು ತೆಗೆದು ನೋಡಿ."

ಮನೆಗೆ ಬಂದವಳೇ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋದೆ. ಪುಟ್ಟ ಟಾರ್ಚ್ ಹಿಡಿದ. ಜಾಲರಿ ಎತ್ತಿದರೆ ಕೆಳಗೆ ಗೊಬ್ಬರ. ನಿಜವಾಗಿಯೂ ಗೊಬ್ಬರ. ಎರಡು ಬೇಸಿಗೆಯ ಎಲೆ, ಹೊಂಗೆ ಕಾಯಿ, ಒಂದು ಕಾಯಿ ಮೊಳಕೆ ಕೂಡ ಬಿಟ್ಟಿತ್ತು. ಬೊಗಸೆ ಬೊಗಸೆ ತೆಗೆದೆ, ಅರ್ಧ ಬಕೆಟ್ ತುಂಬಿತು. ನೀರು ಹೋಗುವ ತೂತು ಪೂರ್ತಿ ಮುಚ್ಚಿತ್ತು. ನಿಂತ ನೀರು ವೈರುಗಳ ಜೊತೆಗೇ ಇಳಿದು ಇಸಿಯು ಡಬ್ಬದ ಮೇಲೆ ಹನಿದಿದೆ, ಅಲ್ಲಿಂದ ಕಾರ್ಪೆಟ್ಟಿಗೆ.

"ನಾನಲ್ಲ ಅಂತ ಹೇಳಿದ್ನಲ್ಲಮ್ಮ" ಅಂದ ಪುಟ್ಟ. ಹೌದು ಕಂದ, ನೀನಲ್ಲ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಿದೆ.

ಆಗಲೇ ನೆನಪಾಯಿತು. ಅಪ್ಪ ಇಲ್ಲಿದ್ದಾಗ ಪ್ರತಿ ಭಾನುವಾರ ಬೆಳಿಗ್ಗೆ ಪೊರಕೆ ಕಡ್ಡಿ ಹಿಡಿದು ಗಾಡಿ ಹತ್ತಿರ ನಿಂತಿರುತ್ತಿದ್ದರು. ಗಾಜಿನ ಮೇಲೆ ಒಂದು ಚೊಂಬು ನೀರು ಹೊಯ್ದು, ಬಗ್ಗಿ ಚಕ್ರದ ಹಿಂದೆ ನೋಡುತ್ತಿದ್ದರು. ನಾನು ಕಿಟಕಿಯಿಂದ ತಿಂಡಿಗೆ ಕರೆದು ಕರೆದು ಸುಸ್ತಾಗುತ್ತಿದ್ದೆ. ಏನು ನೋಡ್ತಿದ್ದೀರಿ ಅಂತ ಒಂದು ದಿನವೂ ಕೇಳಲಿಲ್ಲ. ಮಂಡಿ ಆಪರೇಷನ್ ಆಗಿ ಅವರು ಊರಿಗೆ ಹೋಗಿ ಎರಡು ವರ್ಷ. ಎರಡು ಬೇಸಿಗೆಯ ಎಲೆ.

ಎಂಟು ಗಂಟೆಗೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ, ಏನೂ ಮುಚ್ಚಿಡಲಿಲ್ಲ. ಬೈಯಲಿ ಅಂತಲೇ ಕಾಯುತ್ತಿದ್ದೆ.

"ಎಲೆ ತೆಗೆದ ಮೇಲೆ ನೀರು ಹಾಕಿ ನೋಡಿದ್ಯಾ?"

"ಇಲ್ಲಪ್ಪ."

"ಒಂದು ಚೊಂಬು ಸಾಕು. ಎರಡೂ ಕಡೆ ಚಕ್ರದ ಹಿಂದೆ ಬೀಳಬೇಕು. ಒಂದೇ ಕಡೆ ಬಿದ್ರೆ ಇನ್ನೊಂದರಲ್ಲಿ ಕಸ ಇದೆ ಅಂತ. ಕಡ್ಡಿ ನಿಧಾನಕ್ಕೆ ಆಡಿಸು, ರಬ್ಬರ್ ಹರಿಯತ್ತೆ." ಸ್ವಲ್ಪ ತಡೆದು, "ಹಬ್ಬಕ್ಕೆ ಬಸ್ಸಲ್ಲೇ ಬನ್ನಿ ಪುಟ್ಟಿ, ಪರವಾಗಿಲ್ಲ" ಅಂದರು.

ಪರವಾಗಿಲ್ಲ ಅನ್ನುವಾಗ ಅವರ ದನಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಗಾಡಿ ಬರುತ್ತದೆ ಅಂತ ಅಂಗಳದಲ್ಲಿ ಜಾಗ ಕೂಡ ಮಾಡಿಟ್ಟಿದ್ದಾರಂತೆ, ಅಮ್ಮ ಹೇಳಿದರು. 20ಕ್ಕೆ ನರಕ ಚತುರ್ದಶಿ. ನಾಳೆ ಇಸಿಯು ಸಿಕ್ಕಿ, ಅಣ್ಣ ನಾಡಿದ್ದು ಕೂರಿಸಿ, ಮೊದಲ ಸಲಕ್ಕೇ ಕೀ ಹಿಡಿದರೆ ಶನಿವಾರ ಹೊರಡಬಹುದು. ಹಿಡಿಯದಿದ್ದರೆ

ಮಳೆ ಹನಿ ಶುರುವಾಯಿತು. ಕಾರ್ಪೆಟ್ ಟೆರೇಸಿನಲ್ಲೇ ಒಣಗೋಕೆ ಬಿಟ್ಟಿದ್ದೇನೆ.