‘ಫೋನ್‌ನಾಗ ಫೋಟೋ ಅದಾವಲ್ಲ, ಮತ್ತ್ಯಾಕ ಈ ಪುಸ್ತಕ?’

ನಮ್ಮ ಮನೆಗೆ ಬಂದವರು ಟೀಪಾಯಿಯ ಮೇಲಿರುವ ಖಣದ ರಟ್ಟಿನ ದಪ್ಪ ಪುಸ್ತಕವನ್ನು ತಿರುವಿ ಹಾಕುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಆಮೇಲೆ ಈ ಪ್ರಶ್ನೆ ಕೇಳುತ್ತಾರೆ. ಅದು ನಾನೂ ಅವ್ವನೂ ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ ಸುತ್ತಿ ಬಂದ ಮೇಲೆ ಕೂತು ಮಾಡಿದ ಪುಸ್ತಕ. ಹಾಳೆ ಮಡಚಿದ್ದು, ಹೊಲಿದದ್ದು, ಚಿತ್ರ ಬರೆದದ್ದು, ಚೀಟಿ ಅಂಟಿಸಿದ್ದು ಎಲ್ಲ ನಾವೇ. ಫೋನಿನಲ್ಲಿ ರಾಶಿ ಫೋಟೋ ಇರುವಾಗ ಇಷ್ಟೆಲ್ಲ ಒದ್ದಾಟ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ.

ಉತ್ತರ ಸರಳ. ಫೋನ್ ಇದ್ದದ್ದು ನನ್ನ ಕೈಯಲ್ಲಿ. ಹಾಗಾಗಿ ಫೋಟೋಗಳಲ್ಲಿ ಇರುವುದೆಲ್ಲ ನಾನು ನೋಡಿದ ಬಾದಾಮಿ. ಅವುಗಳಲ್ಲಿ ಅವ್ವ ಇದ್ದಾಳೆ, ಯಾವುದೋ ಕಂಬದ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ‘ಆತೇನು?’ ಅನ್ನುವ ಮುಖದಲ್ಲಿ. ಆದರೆ ಅವ್ವ ನೋಡಿದ ಬಾದಾಮಿ ಒಂದರಲ್ಲೂ ಇಲ್ಲ. ಅದನ್ನು ಹೊರಗೆ ತೆಗೆಯಲು ನನಗೆ ಸಿಕ್ಕ ದಾರಿ ಈ ಪುಸ್ತಕ.

ಮೊದಲನೆಯ ಗುಹೆಯ ಬಾಗಿಲಲ್ಲೇ ಹದಿನೆಂಟು ಕೈಗಳ ನಟರಾಜ. ಎಲ್ಲರಂತೆ ನಾನೂ ಅಲ್ಲೇ ನಿಂತೆ. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ, ಅದನ್ನು ಹುಡುಕುವುದರಲ್ಲಿ ನಾನು ಮುಳುಗಿದ್ದೆ. ಅವ್ವ ಅಷ್ಟೂ ಹೊತ್ತು ಬೆನ್ನು ಮಾಡಿ ನಿಂತು ಕೆಳಗೆ ಅಗಸ್ತ್ಯ ತೀರ್ಥವನ್ನು ನೋಡುತ್ತಿದ್ದಳು. ದಂಡೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಆ ಒಗೆತದ ಸದ್ದು ಎದುರಿನ ಬಂಡೆಗೆ ಬಡಿದು ವಾಪಸ್ಸು ಬರುತ್ತಿತ್ತಂತೆ. ನನಗೆ ಕೇಳಿಸಿರಲೇ ಇಲ್ಲ. ಈಗ ಪುಸ್ತಕದಲ್ಲಿ ಬಾದಾಮಿಯ ಎಡಪುಟದ ತುಂಬ ನೀಲಿ ನೀರು, ಅಂಚಿನಲ್ಲಿ ಸಣ್ಣ ಸಣ್ಣ ಬಣ್ಣದ ಚೌಕಗಳು: ಒಣಹಾಕಿದ ಸೀರೆಗಳು. ಬಲಪುಟದಲ್ಲಿ ನನ್ನ ನಟರಾಜ. ಎಣಿಸಿದರೆ ಹದಿನಾರೇ ಕೈ ಸಿಗುತ್ತವೆ, ಉಳಿದೆರಡು ಬೈಂಡಿಂಗಿನ ಒಳಗೆ ಹೋಗಿವೆ ಅಂತ ನನ್ನ ವಾದ.

ಹಾಗಾಗಿ ನಾನು ಕೊಡುವ ಮೊದಲ ಸಲಹೆ ಇದು: ಎಡಪುಟ ಅವರದ್ದು, ಬಲಪುಟ ನಿಮ್ಮದು. ಅಪ್ಪ-ಅಮ್ಮನನ್ನು ಸಹಾಯಕ್ಕೆ ಕರೆಯಬೇಡಿ. ‘ಇದನ್ನ ಕತ್ತರಿಸಿ ಕೊಡು, ಇಲ್ಲಿ ಅಂಟಿಸು, ಇದರ ಕೆಳಗೆ ಎರಡು ಸಾಲು ಬರಿ’ ಅಂದರೆ ಅದು ನಿಮ್ಮ ಪುಸ್ತಕ, ಅವರು ಕೂಲಿ.

‘ನಮ್ಮಮ್ಮನಿಗೆ ಚಿತ್ರ ಬರಲ್ಲ’ ಅನ್ನುವುದು ಈ ಸಲಹೆಗೆ ಬರುವ ಉತ್ತರ. ನನ್ನ ಅವ್ವನೂ ಅದನ್ನೇ ಅಂದಿದ್ದಳು. ‘ನಂಗೆಲ್ಲಿ ಚಿತ್ರ ತಗ್ಯಾಕ ಬರ್ತೈತಿ? ನೀ ತಗೀ, ನಾ ಕೂತು ನೋಡ್ತೀನಿ.’ ಅವ್ವ ಧಾರವಾಡದವಳು. ಹುಡುಗಿಯಾಗಿದ್ದಾಗ ಇಳಕಲ್ ಸೀರೆಗಳ ಮೇಲೆ ಕಸೂತಿ ಹಾಕಿದವಳು. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲವನ್ನೂ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಬರೀ ಎಳೆ ಎಣಿಸಿ ಎತ್ತಿದ ಕೈ ಅದು. ಅಂಥವಳ ಮುಂದೆ ಖಾಲಿ ಬಿಳಿ ಹಾಳೆ ಇಟ್ಟರೆ ಕೈ ಓಡುವುದಿಲ್ಲ, ಯಾಕೆಂದರೆ ಅಲ್ಲಿ ಎಣಿಸಲು ಏನೂ ಇಲ್ಲ. ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ಕಿನ ಹಾಳೆ ಇಟ್ಟೆ. ಬಾಲ್‌ಪೆನ್ ಹಿಡಿದು ಅರ್ಧ ನಿಮಿಷ ತುಟಿ ಅಲ್ಲಾಡಿಸಿದಳು, ಅಷ್ಟೇ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಿಖರ ಕೆಳಗಿನಿಂದ ಮೇಲಕ್ಕೆ ಏರತೊಡಗಿತು.

ಕಸೂತಿಯ ಗವಂತಿ ಹೊಲಿಗೆ ನೋಡಿದವರಿಗೆ ಗೊತ್ತು. ದಾರ ಒಂದು ಮನೆ ಬಿಟ್ಟು ಒಂದು ಮನೆ ಹೋಗುತ್ತದೆ; ವಾಪಸ್ಸು ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟು ಎಲ್ಲೂ ಇರುವುದಿಲ್ಲ. ಅವ್ವ ಪೆನ್ನಿನಲ್ಲೂ ಹಾಗೇ ಮಾಡಿದಳು! ಒಂದು ಚೌಕ ಬಿಟ್ಟು ಒಂದು ಚೌಕ ಗೆರೆ ಹಾಕುತ್ತಾ ಮೇಲೆ ಹೋಗಿ, ಇಳಿಯುವಾಗ ಉಳಿದದ್ದನ್ನು ತುಂಬಿದಳು. ಪೆನ್ನಿಗೆ ಆ ಕಟ್ಟುಪಾಡು ಇಲ್ಲ, ನೇರ ಗೆರೆ ಎಳೆಯಬಹುದು ಅಂದೆ. ಕೇಳಿಸಿಕೊಳ್ಳಲಿಲ್ಲ. ಶಿಖರದ ಸುತ್ತಲಿನ ಸಣ್ಣ ಗೂಡುಗಳಲ್ಲಿ ಅರ್ಧಕ್ಕರ್ಧ ಬಿಟ್ಟಿದ್ದೀಯಲ್ಲ ಅಂದರೆ, ‘ಅಷ್ಟಕ್ಕ ಎಳಿ ಸಾಲಂಗಿಲ್ಲ’ ಅಂದಳು.

ನಿಮ್ಮ ಮನೆಯಲ್ಲಿ ಕಸೂತಿ ಇಲ್ಲದಿರಬಹುದು. ಚುಕ್ಕಿ ರಂಗೋಲಿ ಇರುತ್ತದೆ, ಸ್ವೆಟರ್ ಹೆಣಿಗೆ ಇರುತ್ತದೆ, ಹೊಲದ ನಕ್ಷೆ ಬಾಯಿಪಾಠ ಇರುವ ಅಪ್ಪ ಇರುತ್ತಾರೆ. ಅವರ ಕೈಗೆ ಈಗಾಗಲೇ ಬರುವುದು ಯಾವುದು ಅಂತ ನೋಡಿ, ಕಾಗದವನ್ನು ಅದಕ್ಕೆ ಹೊಂದಿಸಿ. ವಾಟರ್‌ಕಲರ್ ಕ್ಲಾಸಿಗೆ ಸೇರಿಸಲು ಹೊರಡಬೇಡಿ.

ಪಟ್ಟದಕಲ್ಲಿನ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಪಕ್ಕದಲ್ಲೇ ಇರುವ, ಅದಕ್ಕಿಂತ ಸ್ವಲ್ಪ ಚಿಕ್ಕದಾದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಅವಳೂ ಅದೇ ರಾಜನ ರಾಣಿ. ಇದನ್ನು ನಾನು ಓದಿ ಹೇಳಿದಾಗ ಯುನೆಸ್ಕೋ 1987ರಲ್ಲಿ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಸಂಗತಿ ಅವ್ವನ ಕಿವಿಗೆ ಬೀಳಲೇ ಇಲ್ಲ. ‘ಅಕ್ಕ-ತಂಗಿ ಇಬ್ರನ್ನೂ ಒಬ್ಬಗ ಕೊಟ್ಟಿದ್ರೇನು?’ ಅಂತ ಅಲ್ಲೇ ನಿಂತಳು. ಎರಡೂ ಗುಡಿಗಳನ್ನು ಒಂದು ಸುತ್ತು ಹಾಕಿ ಬಂದು ತೀರ್ಪು ಕೊಟ್ಟಳು: ‘ಅಕ್ಕ ಕಟ್ಸಿದ್ಳು ಅಂತ ತಂಗಿನೂ ಕಟ್ಸ್ಯಾಳ. ಮಗ್ಗಲಾಗ ಜಾಗಾ ಹಿಡದಾಳ ನೋಡ.’ ಈ ಮಾತು ಅವಳದೇ ಕೈಬರಹದಲ್ಲಿ ಹಾಗೇ ಪುಸ್ತಕದಲ್ಲಿದೆ. ದಯವಿಟ್ಟು ಅವರು ಬರೆದದ್ದನ್ನು ತಿದ್ದಬೇಡಿ. ‘ಐತಿ’ ಅಂತ ಬರೆದರೆ ‘ಐತಿ’ಯೇ ಇರಲಿ, ಒತ್ತಕ್ಷರ ತಪ್ಪಿದ್ದರೆ ತಪ್ಪಿರಲಿ.

ಇನ್ನು ಸಾಮಾನಿನ ವಿಷಯ. ಇದನ್ನೂ ಬಹಳ ಜನ ಕೇಳುತ್ತಾರೆ, ಆನ್‌ಲೈನಿನಲ್ಲಿ ಸಿಗುವ ದುಬಾರಿ ಕಿಟ್ ಬೇಕಾ ಅಂತ. ಬೇಡ. ಸಾಮಾನ್ಯ ನೋಟ್‌ಬುಕ್ಕಿನ ತೆಳು ಹಾಳೆಗೆ ನೀರು ಬಣ್ಣ ತಾಗಿದರೆ ಸುಕ್ಕಾಗುತ್ತದೆ, ಅದೊಂದು ನೋಡಿಕೊಳ್ಳಿ. ತೂಕದಲ್ಲಿ 150 ಜಿಎಸ್‌ಎಂ ಆಸುಪಾಸಿನ ಕಾರ್ಟ್ರಿಜ್ ಶೀಟ್, ಅಂದರೆ ಚಿತ್ರ ಬರೆಯುವ ದಪ್ಪ ಹಾಳೆ, ಸಾಕು. ಬಟ್ಟೆಗೆ ಎಳೆಯ ಓಟ ಇರುವಂತೆ ಕಾಗದಕ್ಕೂ ನಾರಿನ ಓಟ ಇರುತ್ತದೆ. ಎರಡೂ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ಕಡೆಗೆ ಮಡಚಿ. ನಾಲ್ಕು ನಾಲ್ಕು ಹಾಳೆ ಒಟ್ಟಿಗೆ ಮಡಚಿ, ಮಡಿಕೆಯಲ್ಲಿ ದಬ್ಬಣದಿಂದ ತೂತು ಹಾಕಿ, ಮೇಣದಬತ್ತಿಗೆ ಉಜ್ಜಿದ ದಾರದಿಂದ ಹೊಲಿಯುವುದು. ಹೊಲಿಗೆಯ ಕೊನೆಗೆ ಗಂಟು ಹಾಕಬೇಕು ಅಂತ ನಾನು ವಿಡಿಯೋ ತೋರಿಸಿದರೆ ಅವ್ವ ಒಪ್ಪಲಿಲ್ಲ, ದಾರದ ತುದಿಯನ್ನು ಹೊಲಿಗೆಯ ಅಡಿಗೇ ತೂರಿಸಿ ಮುಗಿಸಿದಳು. ಇವತ್ತಿಗೂ ಬಿಚ್ಚಿಲ್ಲ.

ನಡುನಡುವೆ ಒಂದೊಂದು ಹಾಳೆಯನ್ನು ಬೆನ್ನಿನ ಹತ್ತಿರ ಎರಡು ಬೆರಳಗಲ ಪಟ್ಟಿ ಉಳಿಸಿ ಕತ್ತರಿಸಿಬಿಡಿ. ಚೀಟಿ, ಎಲೆ, ಬಟ್ಟೆ ಅಂಟಿಸುತ್ತಾ ಹೋದಂತೆ ಪುಸ್ತಕದ ಬಾಯಿ ಅಗಲವಾಗುತ್ತದೆ, ಬೆನ್ನು ತೆಳ್ಳಗೇ ಉಳಿಯುತ್ತದೆ. ಆ ಪಟ್ಟಿಗಳು ಅದನ್ನು ಸರಿದೂಗಿಸುತ್ತವೆ. ರಟ್ಟಿಗೆ ಅಂಟು ಮೈದಾದ್ದು. ಹುಳ ಹಿಡಿಯದಿರಲಿ ಅಂತ ಬೈಂಡಿಂಗಿನವರು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಅಡುಗೆಮನೆಯ ಪಾತ್ರೆಯಲ್ಲಿ ಕದಡಬೇಡಿ. ಹೊದಿಕೆಗೆ ನಾವು ಹಾಕಿದ್ದು ಗುಳೇದಗುಡ್ಡದ ಖಣ. ಬಟ್ಟೆಯನ್ನು ನೇರ ರಟ್ಟಿಗೆ ಅಂಟಿಸಿದರೆ ಅಂಟು ಮೇಲೆ ಜಿನುಗಿ ಕಲೆಯಾಗುತ್ತದೆ, ಮೊದಲು ಹಿಂಬದಿಗೆ ತೆಳು ಕಾಗದ ಕೊಟ್ಟುಕೊಳ್ಳಿ. ಬಾದಾಮಿಯ ಬಂಡೆಯ ಬಣ್ಣ ಯಾವ ಡಬ್ಬಿಯಲ್ಲೂ ಸಿಗಲಿಲ್ಲ. ಚಪ್ಪಲಿಗೆ ಮೆತ್ತಿಕೊಂಡು ಬಂದಿದ್ದ ಕೆಮ್ಮಣ್ಣನ್ನು ಅವ್ವ ಕೆರೆದು, ಜರಡಿ ಹಿಡಿದು, ಗೋಂದಿನಲ್ಲಿ ಕಲಸಿಕೊಟ್ಟಳು. ಸ್ಮಾರಕದಿಂದ ಚೂರು ಕಲ್ಲು ಎತ್ತಿಕೊಂಡು ಬರುವ ಚಾಳಿ ಇದ್ದವರು ಇದನ್ನು ಗಮನಿಸಬೇಕು.

ಬನಶಂಕರಿಯ ಪುಟ ಪೂರ್ತಿ ಅವ್ವನದೇ, ಎಡವೂ ಬಲವೂ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರು ಮಾರುವ ಹೆಂಗಸರಿದ್ದಾರಲ್ಲ, ಅವರ ಪಕ್ಕ ಕೂತು ಉಂಡು ಎದ್ದದ್ದಷ್ಟೇ ನಾನು. ಅವ್ವ ಅಷ್ಟರಲ್ಲಿ ರೊಟ್ಟಿ ಬಡಿಯಲು ಎಷ್ಟು ಹೊತ್ತಿಗೆ ಏಳುತ್ತಾರೆ, ಮನೆಯಲ್ಲಿ ಎಷ್ಟು ಮಂದಿ, ಮೊಸರು ಎಮ್ಮೆಯದೋ ಆಕಳದೋ ಎಲ್ಲ ವಿಚಾರಿಸಿ ಮುಗಿಸಿದ್ದಳು. ನಾನು ಆ ಪುಟಕ್ಕೆ ಕೈ ಹಚ್ಚಲಿಲ್ಲ.

ಬಸ್ ಟಿಕೆಟ್ ಬಗ್ಗೆ ಒಂದು ಎಚ್ಚರಿಕೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ದರದ ಚೀಟಿ ಕೊಡುತ್ತಾರೆ. ಅವ್ವ ಆ ಚೀಟಿಗಳನ್ನು ಒಂದೂ ಬಿಡದೆ ಪರ್ಸಿನಲ್ಲಿ ಮಡಚಿ ಇಟ್ಟುಕೊಂಡು ಬಂದಿದ್ದಳು. ಹತ್ತಿದ ಊರು, ಇಳಿದ ಊರು, ಹೊತ್ತು ಎಲ್ಲ ಅದರಲ್ಲಿರುತ್ತದೆ, ಪ್ರವಾಸದ ದಿನಚರಿಯೇ ಅದು. ಆದರೆ ಆ ಮಷೀನಿನ ಕಾಗದದಲ್ಲಿ ಶಾಯಿ ಇಲ್ಲ. ಬಿಸಿಗೆ ಕಪ್ಪಾಗುವ ಲೇಪನ ಇರುತ್ತದೆ. ಬೆಳಕಿಗೆ ಅಕ್ಷರ ಮಾಸುತ್ತದೆ, ಕೆಲವು ಅಂಟು ತಾಗಿದರೂ ಮಾಸುತ್ತದೆ, ಲ್ಯಾಮಿನೇಷನ್ ಮಾಡಿಸಲು ಹೋದರೆ ಆ ಬಿಸಿಗೆ ಇಡೀ ಚೀಟಿ ಕಪ್ಪು. ಊರಿಗೆ ಬಂದ ವಾರದಲ್ಲೇ ಝೆರಾಕ್ಸ್ ಮಾಡಿಸಿ, ಅದನ್ನು ಅಂಟಿಸಿ.

ಕೊನೆಗೆ, ಅಪ್ಪಂದಿರ ಬಗ್ಗೆ. ‘ನಮ್ಮಪ್ಪ ಇದಕ್ಕೆಲ್ಲ ಕೂರೋರಲ್ಲ’ ಅನ್ನುವವರೇ ಹೆಚ್ಚು. ಕತ್ತರಿ-ಅಂಟು ಅಂದರೆ ಕೂರುವುದಿಲ್ಲ, ನಿಜ. ಖರ್ಚಿನ ಪುಟ ಬರೆದುಕೊಡಿ ಅಂತ ಕೇಳಿ ನೋಡಿ. ಯಾವ ಬಸ್ಸು ಎಷ್ಟು ತಡ, ಯಾವ ಹೋಟೆಲಿನಲ್ಲಿ ಚಹಾಕ್ಕೆ ಎಷ್ಟು ಕಿತ್ತರು, ಯಾವ ತಿರುವಿನಲ್ಲಿ ಡ್ರೈವರ್ ದಾರಿ ತಪ್ಪಿದ ಅನ್ನುವುದನ್ನು ನಕ್ಷೆ ಸಮೇತ ಬರೆದು, ಆಮೇಲೆ ನೀವು ಬರೆದ ಪುಟದಲ್ಲಿ ತಾರೀಕು ತಪ್ಪಿದೆ ಅಂತ ಕೆಂಪು ಪೆನ್ನು ಕೇಳುತ್ತಾರೆ. ಕೊಡಿ.